ಸಯಾಜಿರಾವ್ ಗಾಯಕವಾಡರ ಪುಸ್ತಕದ ಪೆಟ್ಟಿಗೆ

ನಾಸಿಕದ ಕಡೆಯ ಕವಳಾಣೆ ಗ್ರಾಮದ ಬಾಲಕನೊಬ್ಬನು 1875ರಲ್ಲಿ ದತ್ತುಪುತ್ರನಾಗಿ ಬರೋಡಾ ಸಂಸ್ಥಾನದ ಗದ್ದುಗೆಯೇರಿದಾಗ ಅವನಿಗೆ ಅಕ್ಷರಜ್ಞಾನವಿರಲಿಲ್ಲ. ಹನ್ನೆರಡರ ಪ್ರಾಯದಲ್ಲಿ ಓದು ತೊಡಗಿದ ಆ ಬಾಲಕನೇ ಮುಂದೆ ಮೂರನೆಯ ಸಯಾಜಿರಾವ್ ಗಾಯಕವಾಡರೆಂದು ಖ್ಯಾತರಾದರು. ಅನ್ಯದೇಶಗಳನ್ನು ಅವರು ಮೊದಲು ಗ್ರಂಥಗಳಲ್ಲಿ, 1887ರಿಂದ ಪ್ರವಾಸಗಳಲ್ಲಿ ಕಂಡರು. 1906ರಲ್ಲಿ ಸಂಸ್ಥಾನದಾದ್ಯಂತ ಪ್ರಾಥಮಿಕ ಶಿಕ್ಷಣವನ್ನು ಕಡ್ಡಾಯಗೊಳಿಸಿದ ಅವರನ್ನು, ಕಲಿತ ಅಕ್ಷರವು ಪುಸ್ತಕವಿಲ್ಲದೆ ಮರೆತುಹೋದೀತೆಂಬ ಚಿಂತೆ ಕಾಡಿತು. ಅದೇ ವರ್ಷ ಅಮೆರಿಕೆಯಲ್ಲಿ ಕಂಡ ಉಚಿತ ಗ್ರಂಥಾಲಯಗಳು ದಾರಿ ತೋರಿದವು. 1910ರಲ್ಲಿ ಅಲ್ಲಿಂದ ವಿಲಿಯಂ ಬೋರ್ಡನ್ನರನ್ನು ಕರೆಸಿ, ಅರಮನೆಯ ಸ್ವಂತ ಸಂಗ್ರಹವನ್ನೇ ಕೇಂದ್ರ ಗ್ರಂಥಾಲಯಕ್ಕೆ ಒಪ್ಪಿಸಿದರು. ಕಡಲು ದಾಟಲಾರದ ಹಳ್ಳಿಗರ ಬಳಿಗೆ ಪುಸ್ತಕಗಳು ಮರದ ಪೆಟ್ಟಿಗೆಗಳಲ್ಲಿ ಹೋದವು. ಸಾಗಣೆಯ ವೆಚ್ಚವೂ ಸರಕಾರದ್ದೇ. ಅರಮನೆಯ ವೈಭವಕ್ಕಿಂತ ಈ ಪೆಟ್ಟಿಗೆಯೇ ಹಿರಿದೆಂದು ನನ್ನ ಎಣಿಕೆ. ಗಾಯಕವಾಡರು 1939ರಲ್ಲಿ ಮುಂಬಯಿಯಲ್ಲಿ ತೀರಿಕೊಂಡರು. ಗ್ರಂಥಾಲಯವು ವಡೋದರೆಯ ಮಾಂಡವಿಯ ಬಳಿ ಇಂದಿಗೂ ಇದೆ.