ಮೃದಂಗದ ನಾದವನ್ನು ಕಣ್ಣಿಗೆ ಕಾಣಿಸಿದ ಸರ್ ಸಿ. ವಿ. ರಾಮನ್

ಬೆಳಕಿನ ಚದರಿಕೆಯ ಶೋಧಕ್ಕಾಗಿ 1930ರಲ್ಲಿ ನೊಬೆಲ್ ಪಾರಿತೋಷಕ ಪಡೆದ ಸರ್ ಚಂದ್ರಶೇಖರ ವೆಂಕಟರಾಮನ್ ಅವರನ್ನು ಅರಿಯದವರು ವಿರಳ. ನಾದಶಾಸ್ತ್ರದಲ್ಲಿ ಅವರು ನಡೆಸಿದ ಸಾಧನೆಯಾದರೋ ಅಷ್ಟು ಪ್ರಚಾರ ಪಡೆದಿಲ್ಲ. 1888ರ ನವೆಂಬರ್ 7ರಂದು ತಿರುಚಿರಾಪಳ್ಳಿಯಲ್ಲಿ ಜನಿಸಿದ ಅವರು ಸರ್ಕಾರದ ಹಣಕಾಸು ಇಲಾಖೆಯಲ್ಲಿ ಅಧಿಕಾರಿಯಾಗಿದ್ದಾಗಲೇ ಬಿಡುವಿನ ವೇಳೆಯನ್ನು ವಾದ್ಯಗಳ ಪರಿಶೀಲನೆಗೆ ಮೀಸಲಿಟ್ಟರು. 1917ರಲ್ಲಿ ಆ ಹುದ್ದೆಯನ್ನು ತೊರೆದು ಕಲ್ಕತ್ತೆಯಲ್ಲಿ ಪ್ರಾಧ್ಯಾಪಕರಾದರು.

ಬಿಗಿದ ಚರ್ಮದ ಕಂಪನವನ್ನು ಗಣಿತಜ್ಞರು ಆಂಶಿಕ ಅವಕಲ ಸಮೀಕರಣದಿಂದ ನಿರೂಪಿಸುತ್ತಾರೆ. ಎಲ್ಲೆಡೆ ಒಂದೇ ತೂಕವುಳ್ಳ ದುಂಡು ಚರ್ಮಕ್ಕೆ ಅದನ್ನು ಬಿಡಿಸಿದರೆ, ಮೂಲಸ್ವರದ 1.59, 2.14, 2.30 ಮಡಿಯ ಉಪಸ್ವರಗಳು ದೊರೆಯುತ್ತವೆ. ಇವು ಪರಸ್ಪರ ಹೊಂದುವುದಿಲ್ಲ. ಕೇಳುವುದು ಸದ್ದೇ ಹೊರತು ಶ್ರುತಿಯಲ್ಲ. ಆದರೆ ಮೃದಂಗ ಶ್ರುತಿಗೆ ನಿಲ್ಲುತ್ತದೆ. ಈ ವೈಚಿತ್ರ್ಯವನ್ನು ರಾಮನ್ ಸಹೋದ್ಯೋಗಿಯೊಬ್ಬರೊಡನೆ 1920ರಲ್ಲಿಯೇ ಪ್ರಕಟಿಸಿದ್ದರು.

1933ರಲ್ಲಿ ಅವರು ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರದ ನಿರ್ದೇಶಕರಾಗಿ ಬಂದರು. ಮರುವರ್ಷ ಭಾರತೀಯ ವಿಜ್ಞಾನ ಅಕಾಡೆಮಿಯನ್ನು ಸ್ಥಾಪಿಸಿ, ಅದರ ಪತ್ರಿಕೆಯ ಮೊದಲ ಸಂಪುಟದಲ್ಲಿಯೇ ಮೃದಂಗದ ಮರ್ಮವನ್ನು ವಿಸ್ತಾರವಾಗಿ ಬಿಡಿಸಿಟ್ಟರು. ಅವರ ಉಪಾಯ ಅತಿ ಸರಳ. ಮುಚ್ಚಿಗೆಯ ಮೇಲೆ ನುಣುಪಾದ ಮರಳು ಉದುರಿಸಿ, ತಕ್ಕ ಎಡೆಯಲ್ಲಿ ಬೆರಳಿಟ್ಟು ನುಡಿಸಿದರೆ, ಮರಳು ಕಂಪಿಸುವ ಭಾಗಗಳಿಂದ ಜಾರಿ ನಿಶ್ಚಲವಾದ ರೇಖೆಗಳ ಮೇಲೆ ಸಾಲುಗಟ್ಟುತ್ತದೆ. ಸಮೀಕರಣದಲ್ಲಿ ಅಡಗಿದ್ದ ರೂಪಗಳು ಹೀಗೆ ಕಣ್ಣಿಗೆ ಗೋಚರಿಸಿದವು. ನಡುವೆ ಮೆತ್ತಿದ ಕರಣೆಯ ಭಾರದಿಂದ ಒಂಬತ್ತು ಬಗೆಯ ಕಂಪನಗಳು ಐದೇ ಸ್ವರಗಳಾಗಿ ಕೂಡಿಕೊಂಡು, 1, 2, 3, 4, 5ರ ಪ್ರಮಾಣದಲ್ಲಿ ನಿಲ್ಲುವುದನ್ನು ಅವರು ತೋರಿಸಿಕೊಟ್ಟರು. ಗಣಿತವರಿಯದ ಕುಶಲಕರ್ಮಿಗಳು ಕೈ ಮತ್ತು ಕಿವಿಗಳಿಂದ ಸಾಧಿಸಿದ್ದ ಸಿದ್ಧಿಗೆ ವಿಜ್ಞಾನದ ಮನ್ನಣೆ ದೊರೆಯಿತು.

1937ರಲ್ಲಿ ರಾಮನ್ ನಿರ್ದೇಶಕ ಪದವಿಯನ್ನು ಬಿಡಬೇಕಾಯಿತು. ಆದರೂ ಬೆಂಗಳೂರನ್ನು ಬಿಡದೆ ಅಲ್ಲಿಯೇ ಪ್ರಾಧ್ಯಾಪಕರಾಗಿ ಮುಂದುವರಿದು, 1948ರಲ್ಲಿ ತಮ್ಮದೇ ಸಂಶೋಧನಾಲಯವನ್ನು ಕಟ್ಟಿದರು. ಮಲ್ಲೇಶ್ವರದ ಪಂಚವಟಿ ಅವರ ಮನೆ. 1954ರಲ್ಲಿ ವಿಜ್ಞಾನ ಮಂದಿರದ ಬಿ. ಎಸ್. ರಾಮಕೃಷ್ಣ ಮತ್ತು ಎಂ. ಎಂ. ಸೋಂಧಿ ಅವರು, ಕರಣೆಯುಳ್ಳ ಚರ್ಮವನ್ನು ಎರಡು ತೂಕಗಳ ಪೊರೆಯೆಂದು ಭಾವಿಸಿ ಸಮೀಕರಣವನ್ನು ಬಿಡಿಸಿದರು. ಮರಳು ತೋರಿದ್ದನ್ನು ಗಣಿತವೂ ಸಮರ್ಥಿಸಿತು. 1970ರ ನವೆಂಬರ್ 21ರಂದು ರಾಮನ್ ಕೀರ್ತಿಶೇಷರಾದರು.

ಇಂದು ಗಣಕಯಂತ್ರದ ತಂತ್ರಾಂಶಗಳು ಇಂತಹ ಸಮೀಕರಣಗಳನ್ನು ಕ್ಷಣಾರ್ಧದಲ್ಲಿ ಬಿಡಿಸಿ, ಚರ್ಮದ ಏರಿಳಿತವನ್ನು ಬಣ್ಣಬಣ್ಣದ ಚಿತ್ರವಾಗಿ ಕಾಣಿಸುತ್ತವೆ. ಆದರೆ ಯಾವ ಪ್ರಶ್ನೆಯನ್ನು ಕೇಳಬೇಕೆಂಬುದನ್ನು ಯಂತ್ರ ಹೇಳಿಕೊಡದು. ಎಲ್ಲರೂ ಕೇಳಿದ ಮೃದಂಗದಲ್ಲಿ ಯಾರೂ ಕೇಳದ ಪ್ರಶ್ನೆಯನ್ನು ಕಂಡುದೇ ರಾಮನ್ ಅವರ ಹಿರಿಮೆ. ಉಪಕರಣಗಳ ಕೊರತೆಯನ್ನು ನೆನೆದು ಕೈಚೆಲ್ಲುವ ವಿದ್ಯಾರ್ಥಿಗೆ ಆ ಹಿಡಿ ಮರಳೇ ಸಾಕಾದ ಪಾಠ.