ನಾಡು ಒಂದಾಗುವ ಮೊದಲೇ ಒಲಿಂಪಿಕ್ ಅಂಗಳದಲ್ಲಿ ಓಡಿದ ಚೌಗುಲೆ

ಭಾರತ ಒಲಿಂಪಿಕ್ ಕೂಟಕ್ಕೆ ಮೊದಲ ಬಾರಿಗೆ ತಂಡ ಕಳುಹಿಸಿದ್ದು 1920ರಲ್ಲಿ, ಬೆಲ್ಜಿಯಂನ ಆಂಟ್‌ವರ್ಪ್ ನಗರಕ್ಕೆ. ಬೆರಳೆಣಿಕೆಯ ಓಟಗಾರರು ಮತ್ತು ಕುಸ್ತಿಪಟುಗಳಷ್ಟೇ ಇದ್ದ ಆ ಪುಟ್ಟ ತಂಡದಲ್ಲಿ ಬೆಳಗಾವಿಯ ಫಡೆಪ್ಪ ದಾರೆಪ್ಪ ಚೌಗುಲೆ ಅವರೂ ಒಬ್ಬರು.

ಅಂದು ದೇಶ ಬ್ರಿಟಿಷರ ಆಳ್ವಿಕೆಯಲ್ಲಿತ್ತು. ಕನ್ನಡ ನಾಡು ಹರಿದು ಹಂಚಿಹೋಗಿತ್ತು. ಕೊಳ್ಳೇಗಾಲ ಮತ್ತು ಹನೂರು ಮದರಾಸು ಪ್ರಾಂತ್ಯದ ಕೊಯಮತ್ತೂರು ಜಿಲ್ಲೆಗೆ ಸೇರಿದ್ದರೆ, ಪಕ್ಕದ ಯಳಂದೂರು ಮೈಸೂರು ಸಂಸ್ಥಾನದಲ್ಲಿತ್ತು. ಚೌಗುಲೆ ಅವರ ಬೆಳಗಾವಿ ಮುಂಬಯಿ ಪ್ರಾಂತ್ಯದ ಭಾಗವಾಗಿತ್ತು. ಹೀಗಾಗಿ ಅವರ ಸಾಧನೆಯನ್ನು ತನ್ನದೆಂದು ಹೇಳಿಕೊಳ್ಳಲು ಕನ್ನಡಿಗರದೇ ಆದ ರಾಜ್ಯವೂ ಇರಲಿಲ್ಲ, ಸ್ವತಂತ್ರ ದೇಶವೂ ಇರಲಿಲ್ಲ.

ಅವರಿಗೆ ಯೂರೋಪಿನ ದಾರಿ ತೆರೆದದ್ದು ಪುಣೆ. ಅಲ್ಲಿನ ಡೆಕ್ಕನ್ ಜಿಮ್ಖಾನಾದ ಅಧ್ಯಕ್ಷರಾಗಿ 1919ರಲ್ಲಿ ಆಯ್ಕೆಯಾದ ಉದ್ಯಮಿ ಸರ್ ದೊರಾಬ್ಜಿ ಟಾಟಾ, ಸಂಸ್ಥೆಯ ಕ್ರೀಡಾಕೂಟದಲ್ಲಿ ಬರಿಗಾಲಿನಲ್ಲಿ ಓಡುತ್ತಿದ್ದ ರೈತಾಪಿ ಯುವಕರನ್ನು ಕಂಡು ಬೆರಗಾದರು. ಆಧುನಿಕ ತರಬೇತಿಯಾಗಲಿ, ಸ್ಪರ್ಧೆಯ ನಿಯಮಗಳ ಪರಿಚಯವಾಗಲಿ ಅವರಿಗೆ ಇರಲಿಲ್ಲ. ಆದರೂ ದೂರದ ಓಟದಲ್ಲಿ ಅವರು ತೋರಿದ ಕಸುವು ವಿದೇಶಿ ಓಟಗಾರರಿಗೆ ಸಾಟಿಯಾಗುವಂತಿತ್ತು. ಮುಂಬಯಿ ಗವರ್ನರ್ ಸರ್ ಜಾರ್ಜ್ ಲಾಯ್ಡ್ ಅವರ ನೆರವು ಪಡೆದ ಟಾಟಾ, ಸ್ವಂತ ಹಣವನ್ನೂ ವಿನಿಯೋಗಿಸಿ ತಂಡವನ್ನು ಕಳುಹಿಸಿದರು.

1920ರ ಆಗಸ್ಟ್ 22ರಂದು ಮ್ಯಾರಥಾನ್ ಓಟ ನಡೆಯಿತು. ಈಗ ಮ್ಯಾರಥಾನ್ ದೂರ 42.195 ಕಿ.ಮೀ. ಆಂಟ್‌ವರ್ಪ್‌ನಲ್ಲಿ ಓಟಗಾರರು ಕ್ರಮಿಸಬೇಕಾದದ್ದು 42.75 ಕಿ.ಮೀ. ಒಲಿಂಪಿಕ್ ಇತಿಹಾಸದಲ್ಲೇ ಅತಿ ದೀರ್ಘವಾದ ಮ್ಯಾರಥಾನ್ ಅದು. ಫಿನ್ಲೆಂಡಿನ ಹಾನ್ನೆಸ್ ಕೊಲೆಹ್ಮೈನೆನ್ 2 ಗಂಟೆ 32 ನಿಮಿಷ 35.8 ಸೆಕೆಂಡುಗಳಲ್ಲಿ ಗೆದ್ದರು. ಆಗಷ್ಟೇ ಸ್ವಾತಂತ್ರ್ಯ ಪಡೆದಿದ್ದ ಪುಟ್ಟ ದೇಶ ಎಸ್ಟೋನಿಯಾದ ಯೂರಿ ಲೊಸ್‌ಮನ್ ಕೇವಲ 12.8 ಸೆಕೆಂಡುಗಳ ಅಂತರದಲ್ಲಿ ಎರಡನೆಯವರಾದರು. ಭಾರತದ ಇನ್ನೊಬ್ಬ ಸ್ಪರ್ಧಿ ಸದಾಶಿವ ದಾತಾರ್ ಓಟ ಪೂರ್ಣಗೊಳಿಸಲಿಲ್ಲ. ಚೌಗುಲೆ ಮಾತ್ರ ಛಲ ಬಿಡದೆ 2 ಗಂಟೆ 50 ನಿಮಿಷ 45.4 ಸೆಕೆಂಡುಗಳಲ್ಲಿ ಗುರಿ ಮುಟ್ಟಿ 19ನೇ ಸ್ಥಾನ ಪಡೆದರು.

ಪದಕ ಬರಲಿಲ್ಲ, ನಿಜ. ಆದರೆ ಆ ತಂಡ ತುಳಿದ ಹಾದಿ ವ್ಯರ್ಥವಾಗಲಿಲ್ಲ. 1924ರಲ್ಲಿ ಪ್ಯಾರಿಸ್‌ಗೆ ಮತ್ತೊಂದು ತಂಡ ತೆರಳಿತು. 1927ರಲ್ಲಿ ಭಾರತೀಯ ಒಲಿಂಪಿಕ್ ಸಂಸ್ಥೆ ಸ್ಥಾಪನೆಯಾಯಿತು. ಮರುವರ್ಷವೇ ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಹಾಕಿ ಚಿನ್ನ ಒಲಿಯಿತು. ಮ್ಯಾರಥಾನ್‌ನಲ್ಲಿ ಶಿವನಾಥ್ ಸಿಂಗ್ 11ನೇ ಸ್ಥಾನ ಗಳಿಸಿದ್ದು ಚೌಗುಲೆ ಓಡಿದ 56 ವರ್ಷಗಳ ಬಳಿಕ, 1976ರ ಮಾಂಟ್ರಿಯಲ್ ಕೂಟದಲ್ಲಿ.

1956ರ ನವೆಂಬರ್ 1ರಂದು ಬೆಳಗಾವಿಯೂ ಕೊಳ್ಳೇಗಾಲವೂ ಒಂದೇ ರಾಜ್ಯದ ಊರುಗಳಾದವು. ನಾಡು ಒಂದಾದ ಮೇಲೆ ಅದರ ಕ್ರೀಡಾ ಚರಿತ್ರೆಯೂ ಒಂದಾಗಬೇಕು. ಆ ಚರಿತ್ರೆಯ ಮೊದಲ ಪುಟಗಳಲ್ಲಿ ಬೆಳಗಾವಿಯ ಈ ಓಟಗಾರನ ಹೆಸರು ಇರಲೇಬೇಕು.