ಕನ್ನಂಬಾಡಿ ಕಟ್ಟೆಯ ಹಿಂದಿನ ವಿದ್ಯಾರ್ಥಿವೇತನ

ಪ್ರತಿ ಸೆಪ್ಟೆಂಬರ್ 15ರಂದು ಕನ್ನಡಿಗರಾದ ನಾವು ಸರ್ ಎಂ. ವಿಶ್ವೇಶ್ವರಯ್ಯನವರನ್ನು ನೆನೆಯುತ್ತೇವೆ. ಅವರು ಕಟ್ಟಿದ ಅಣೆಕಟ್ಟೆಯನ್ನು ಕೊಂಡಾಡಿದರೆ ಸಾಲದು. ಅದಕ್ಕೆ ಸಾರ್ವಜನಿಕ ಹಣ ಒದಗಿದ ಬಗೆಯನ್ನೂ ನಮ್ಮ ಮಕ್ಕಳು ಅರಿಯಬೇಕು.

1861ರಲ್ಲಿ ಚಿಕ್ಕಬಳ್ಳಾಪುರದ ಬಳಿಯ ಮುದ್ದೇನಹಳ್ಳಿಯಲ್ಲಿ ಜನಿಸಿದ ಅವರು ಎಳವೆಯಲ್ಲೇ ತಂದೆಯನ್ನು ಕಳೆದುಕೊಂಡರು. ಮನೆಪಾಠ ಹೇಳಿ ಗಳಿಸುತ್ತ ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಓದಿದರು. ಪುಣೆಯಲ್ಲಿ ಎಂಜಿನಿಯರಿಂಗ್ ಕಲಿಯಲು ಮೈಸೂರು ಸರ್ಕಾರದ ವಿದ್ಯಾರ್ಥಿವೇತನ ನೆರವಾಯಿತು. ಬಡ ಬಾಲಕನೊಬ್ಬನಿಗಾಗಿ ವ್ಯಯವಾದ ಆ ಹಣ ನಾಡಿಗೆ ಹಲವು ಮಡಿಯಾಗಿ ಮರಳಿತು.

1884ರಲ್ಲಿ ಮುಂಬಯಿ ಪ್ರಾಂತ್ಯದ ಲೋಕೋಪಯೋಗಿ ಇಲಾಖೆಯನ್ನು ಸೇರಿದರು. ದಖ್ಖನಿನ ಕಾಲುವೆಗಳ ನೀರು ಕೆಲವರ ಕಬ್ಬಿನ ಗದ್ದೆಗಳಲ್ಲೇ ಮುಗಿಯುತ್ತಿರುವುದನ್ನು ಕಂಡು, ಜಮೀನನ್ನು ಬ್ಲಾಕುಗಳಾಗಿ ವಿಂಗಡಿಸಿ ಬೆಳೆಗಳನ್ನು ಸರದಿಯಂತೆ ಬೆಳೆಯುವ ಪದ್ಧತಿ ರೂಪಿಸಿದರು. ಸರ್ಕಾರದ ಕಾಲುವೆ ಹೆಚ್ಚು ಹಳ್ಳಿಗಳಿಗೆ ಸೇರಬೇಕೆಂಬುದು ಅದರ ತಿರುಳು.

1909ರಲ್ಲಿ ಮೈಸೂರಿನ ಮುಖ್ಯ ಎಂಜಿನಿಯರ್ ಆದಾಗ ಕನ್ನಂಬಾಡಿ ಯೋಜನೆಗೆ ಹಣಕಾಸಿನ ಆಕ್ಷೇಪ ಎದುರಾಯಿತು. ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ ಮಾರಿ ಬರುವ ಆದಾಯವನ್ನೂ ನೀರಾವರಿಯ ಫಲವನ್ನೂ ಅವರು ಲೆಕ್ಕವಿಟ್ಟು ತೋರಿಸಿದರು. 1911ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಅನುಮೋದನೆ ನೀಡಿದರು. ಆರಂಭಕ್ಕೆ 81 ಲಕ್ಷ ರೂಪಾಯಿ ಮಂಜೂರಾಯಿತು. ಮದ್ರಾಸ್ ಸರ್ಕಾರದೊಡನೆ ಎದ್ದ ವ್ಯಾಜ್ಯ 1924ರ ಒಪ್ಪಂದದವರೆಗೂ ಎಳೆಯಿತು. ಮುಳುಗಡೆಯಾದ ಊರುಗಳ ಜನರು ತೆತ್ತ ಬೆಲೆಯನ್ನು ಮರೆಯಲಾಗದು. ಆದರೂ ಸುಮಾರು ಎರಡು ದಶಕಗಳಲ್ಲಿ ಕಟ್ಟೆ ಪೂರ್ಣಗೊಂಡು, ಮಂಡ್ಯದ ಒಣನೆಲ ಹಸಿರಾಯಿತು.

1912ರಿಂದ ದಿವಾನರಾಗಿದ್ದಾಗ ನೀರಿಗೆ ಕೊಟ್ಟ ಗಮನವನ್ನು ವಿದ್ಯೆಗೂ ಕೊಟ್ಟರು. ಕನ್ನಡ ಸಾಹಿತ್ಯ ಪರಿಷತ್ತು, ಮೈಸೂರು ವಿಶ್ವವಿದ್ಯಾನಿಲಯಗಳು ಹುಟ್ಟಿದ್ದು ಆ ಅವಧಿಯಲ್ಲೇ. 1955ರಲ್ಲಿ ಭಾರತರತ್ನ ಪಡೆದ ಅವರು, ನೂರು ವರ್ಷ ತುಂಬಿದ ಬಳಿಕ 1962ರ ಏಪ್ರಿಲಿನಲ್ಲಿ ತೀರಿಕೊಂಡರು.

ನಮ್ಮ ವಯನಾಡಿನಲ್ಲಿ ಹುಟ್ಟುವ ಕಬಿನಿ ತಿರುಮಕೂಡಲಿನಲ್ಲಿ ಕಾವೇರಿಯನ್ನು ಸೇರುತ್ತದೆ. ಮಳೆಗಾಲದಲ್ಲಿ ಉಕ್ಕಿ ಹರಿದ ನೀರು ಬೇಸಗೆಯಲ್ಲಿ ನಮ್ಮ ಗದ್ದೆ, ಕಾಫಿ ತೋಟಗಳಿಗೆ ಎಟುಕುವುದಿಲ್ಲ. 1970ರ ದಶಕದಲ್ಲಿ ಆರಂಭವಾದ ಕಾರಾಪುಳ ನೀರಾವರಿ ಯೋಜನೆ ಭಾಗಶಃ ಕಾರ್ಯಾರಂಭ ಮಾಡಿದ್ದು 2010ರಲ್ಲಿ. ಅಣೆಕಟ್ಟೆ ಎದ್ದರೂ ಕಾಲುವೆ ಹೊಲ ಮುಟ್ಟದಿದ್ದರೆ ರೈತನಿಗೆ ಅದು ಕೇವಲ ನೋಟ.

ಆದ್ದರಿಂದ ಹೆತ್ತವರಲ್ಲಿ ನಮ್ಮ ವಿನಂತಿ ಇಷ್ಟೆ: ಗ್ರಾಮಸಭೆಗೆ ಹೋಗೋಣ, ಮಂಜೂರಾದ ಹಣವೆಷ್ಟು, ಯಾರ ಹೊಲಕ್ಕೆ ಎಂದು ನೀರು ಬರುತ್ತದೆ ಎಂದು ಕೇಳೋಣ. ಮಕ್ಕಳ ವಿದ್ಯಾರ್ಥಿವೇತನದ ಅರ್ಜಿಯನ್ನೂ ತಪ್ಪದೆ ಸಲ್ಲಿಸೋಣ. ಎರಡೂ ನಮ್ಮ ಹಕ್ಕು.